ಮುರಿದುದನ್ನು ಸರಿಪಡಿಸುವ ನ್ಯಾಯ: ಪ್ರೌಢಶಾಲಾ ವಿದ್ಯಾರ್ಥಿಗಳ ಕಲಿಕೆ ಮತ್ತು ಗ್ರಾಮ ಪಂಚಾಯತಿಯ ಪಾತ್ರ

ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳ ನಡುವೆ ಹೊಡೆದಾಟವಾದರೆ, ಸೈಕಲ್ ಕಳುವಾದರೆ ಅಥವಾ ಶಾಲೆಯ ನಲ್ಲಿ ಮುರಿದರೆ ಆ ಸುದ್ದಿ ಮುಖ್ಯ ಶಿಕ್ಷಕರ ಕೊಠಡಿಯಿಂದ ಹೊರಟು ಸಂಜೆಯೊಳಗೆ ಗ್ರಾಮ ಪಂಚಾಯತಿ ಸದಸ್ಯರ ಮನೆಯ ಬಾಗಿಲನ್ನು ತಲುಪುತ್ತದೆ. ಒಂದು ಕಡೆಯ ಪೋಷಕರು ತಪ್ಪು ಮಾಡಿದ ಹುಡುಗನಿಗೆ ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವಂತೆ ಒತ್ತಾಯಿಸುತ್ತಾರೆ. ಇನ್ನೊಂದು ಕಡೆಯವರು ಇದೊಂದು ಬಾರಿ ರಾಜಿ ಮಾಡಿಸಿ ಮುಗಿಸಿಕೊಡುವಂತೆ ಕೋರುತ್ತಾರೆ. ಮೊದಲನೆಯದನ್ನು ಮಾಡಿದರೆ ಒಂದು ಮಗು ಎಸ್.ಎಸ್.ಎಲ್.ಸಿ. ತಲುಪುವ ಮೊದಲೇ ಶಾಲೆಯಿಂದ ಹೊರಬೀಳುತ್ತದೆ. ಎರಡನೆಯದನ್ನು ಮಾಡಿದರೆ ಊರು ಸುಮ್ಮನಾಗುತ್ತದೆ. ಎರಡರಲ್ಲಿಯೂ ಉತ್ತರ ಸಿಗದೆ ಉಳಿಯುವ ಪ್ರಶ್ನೆ ಒಂದೇ: ಪೆಟ್ಟು ತಿಂದ ಮಗುವಿಗೆ, ವಸ್ತು ಕಳೆದುಕೊಂಡ ಮನೆಗೆ ದೊರೆತದ್ದೇನು?

ಈ ಪ್ರಶ್ನೆಯಿಂದಲೇ ಆರಂಭವಾಗುವ ನ್ಯಾಯದ ವಿಧಾನವೊಂದಿದೆ. ಇಂಗ್ಲಿಷಿನಲ್ಲಿ ಅದನ್ನು ರೆಸ್ಟೋರೇಟಿವ್ ಜಸ್ಟಿಸ್ ಎನ್ನುತ್ತಾರೆ. ಕನ್ನಡದಲ್ಲಿ ಪುನಃಸ್ಥಾಪನಾ ನ್ಯಾಯ ಎನ್ನಬಹುದು. ಸರಳವಾಗಿ ಹೇಳುವುದಾದರೆ ಮುರಿದುದನ್ನು ಸರಿಪಡಿಸುವ ನ್ಯಾಯ. ಎಂಟರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಕಲಿಸಲು ಸಾಧ್ಯವಿದೆ. ಆ ಕಲಿಕೆಗೆ ಗ್ರಾಮ ಪಂಚಾಯತಿ ಹೇಗೆ ನೆರವಾಗಬಹುದು, ಎಲ್ಲಿ ಕೈಹಾಕಬಾರದು ಎಂಬುದನ್ನು ಹೊಳಲ್ಕೆರೆ ತಾಲ್ಲೂಕಿನ ಹಾಗೂ ಜಿಲ್ಲೆಯ ಸದಸ್ಯರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಪ್ರಶ್ನೆಗಳು ಬದಲಾದಾಗ

ತಪ್ಪು ನಡೆದಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು. ಯಾವ ನಿಯಮ ಮುರಿಯಿತು? ಮುರಿದವರು ಯಾರು? ಅವರಿಗೆ ಯಾವ ಶಿಕ್ಷೆ? ಪುನಃಸ್ಥಾಪನಾ ನ್ಯಾಯ ಇವುಗಳ ಬದಲಿಗೆ ಬೇರೆ ಮೂರನ್ನು ಕೇಳುತ್ತದೆ. ಯಾರಿಗೆ ನೋವಾಯಿತು ಅಥವಾ ನಷ್ಟವಾಯಿತು? ಅವರಿಗೆ ಈಗ ಏನು ಬೇಕಾಗಿದೆ? ಅದನ್ನು ಪೂರೈಸುವ ಹೊಣೆ ಯಾರದು?

ಗ್ರಾಮ ಪಂಚಾಯತಿಯ ದಿನನಿತ್ಯದ ಕೆಲಸದಿಂದಲೇ ಒಂದು ಹೋಲಿಕೆ ಕೊಡಬಹುದು. ನೀರಿನ ಪೈಪ್‌ಲೈನ್ ಒಡೆದಾಗ ವಾಲ್ವ್ ಬಂದ್ ಮಾಡುವುದು ಅಗತ್ಯ. ಆದರೆ ವಾಲ್ವ್ ಬಂದ್ ಮಾಡಿದ ಮಾತ್ರಕ್ಕೆ ಪೈಪ್ ದುರಸ್ತಿಯಾಗುವುದಿಲ್ಲ. ಆ ಬೀದಿಗೆ ನೀರೂ ಬರುವುದಿಲ್ಲ. ಶಿಕ್ಷೆಯು ಬಹುಮಟ್ಟಿಗೆ ವಾಲ್ವ್ ಬಂದ್ ಮಾಡುವ ಕ್ರಮ. ಒಡೆದ ಜಾಗವನ್ನು ಅಗೆದು ನೋಡಿ, ಜೋಡಿಸಿ, ಮತ್ತೆ ನೀರು ಹರಿಸಿ, ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವ ಕೆಲಸ ಆ ನಂತರವೂ ಉಳಿದಿರುತ್ತದೆ.

ಈ ವಿಧಾನ ತಪ್ಪು ಮಾಡಿದವರನ್ನು ಹಗುರವಾಗಿ ಬಿಟ್ಟುಬಿಡುತ್ತದೆ ಎಂಬ ಆಕ್ಷೇಪ ಸಹಜ. ವಾಸ್ತವದಲ್ಲಿ ಬೆಂಚಿನ ಮೇಲೆ ನಿಲ್ಲುವುದಕ್ಕಿಂತ, ತನ್ನಿಂದ ನೊಂದವರ ಎದುರು ಕುಳಿತು ಅವರ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದು ಕಷ್ಟದ ಕೆಲಸ. ಶಿಕ್ಷೆ ಅನುಭವಿಸುವಾಗ ಮಗು ತನ್ನ ಬಗ್ಗೆಯೇ ಮರುಗುತ್ತದೆ. ಇಲ್ಲಿ ಇನ್ನೊಬ್ಬರ ಬಗ್ಗೆ ಯೋಚಿಸಬೇಕಾಗುತ್ತದೆ.

ಹಿನ್ನೆಲೆ

ಕೆನಡಾ ದೇಶದ ಎಲ್ಮೈರಾ ಎಂಬ ಸಣ್ಣ ಪಟ್ಟಣದಲ್ಲಿ 1974ರಲ್ಲಿ ಇಬ್ಬರು ಯುವಕರು ಒಂದೇ ರಾತ್ರಿಯಲ್ಲಿ 22 ಆಸ್ತಿಗಳಿಗೆ ಹಾನಿ ಮಾಡಿದರು. ಪರಿವೀಕ್ಷಣಾ ಅಧಿಕಾರಿ ಮಾರ್ಕ್ ಯಾಂಟ್ಜಿ ಅವರು ಆ ಯುವಕರು ನಷ್ಟಕ್ಕೊಳಗಾದವರನ್ನು ಮುಖಾಮುಖಿ ಭೇಟಿಯಾಗಲಿ ಎಂದು ನ್ಯಾಯಾಲಯಕ್ಕೆ ಸಲಹೆ ನೀಡಿದರು. ನ್ಯಾಯಾಧೀಶರು ಒಪ್ಪಿದರು. ಯುವಕರು ಮನೆಮನೆಗೆ ಹೋಗಿ, ಮಾತು ಕೇಳಿ, ನಷ್ಟ ತುಂಬಿಕೊಟ್ಟರು. ಅವರಲ್ಲೊಬ್ಬರು ಮುಂದೆ ಇದೇ ಕ್ಷೇತ್ರದ ಕಾರ್ಯಕರ್ತರಾದರು. ನ್ಯೂಜಿಲೆಂಡ್ 1989ರ ಕಾನೂನಿನಲ್ಲಿ, ಮಾವೋರಿ ಜನರ ಕುಟುಂಬ ಪದ್ಧತಿಯಿಂದ ಪ್ರೇರಣೆ ಪಡೆದು, ಕಿರಿಯರ ಅಪರಾಧಗಳಿಗೆ ಕುಟುಂಬ ಸಭೆಯನ್ನು ಮುಖ್ಯ ಮಾರ್ಗವನ್ನಾಗಿ ಮಾಡಿತು. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯು 2002ರಲ್ಲಿ ಈ ವಿಧಾನದ ಬಳಕೆಗೆ ಮೂಲತತ್ತ್ವಗಳನ್ನು ಸೂಚಿಸಿತು.

ಕರ್ನಾಟಕದಲ್ಲಿ, 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎನ್‌ಫೋಲ್ಡ್ ಸಂಸ್ಥೆಯು ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ವೃತ್ತ ಸಂವಾದದ ರೂಪದಲ್ಲಿ ಇಂತಹ ಕೆಲಸ ನಡೆಸಿದೆ. ಕಾನೂನಿನ ಆಧಾರವೂ ಇದೆ. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ 3ನೇ ಕಲಂ ತಿಳಿಸುವ ಮೂಲತತ್ತ್ವಗಳಲ್ಲಿ, ಮಗುವಿನ ಅಥವಾ ಸಮಾಜದ ಹಿತಕ್ಕೆ ಅಗತ್ಯವಿಲ್ಲದಿದ್ದಲ್ಲಿ ನ್ಯಾಯಾಂಗ ಪ್ರಕ್ರಿಯೆಯ ಹೊರಗಿನ ಕ್ರಮಗಳನ್ನು ಉತ್ತೇಜಿಸಬೇಕೆಂಬುದೂ ಒಂದು. ಅದೇ ಕಾಯ್ದೆಯ 18ನೇ ಕಲಂ ಪ್ರಕಾರ ಬಾಲನ್ಯಾಯ ಮಂಡಳಿಯು ಬುದ್ಧಿವಾದ, ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ ಮುಂತಾದ ಆದೇಶಗಳನ್ನು ನೀಡಬಹುದು. 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧ ಅಥವಾ ವಯಸ್ಕರೊಡಗೂಡಿ ಎಸಗಿದ ಅಪರಾಧವನ್ನು ಹೊರತುಪಡಿಸಿ, 18 ವರ್ಷದೊಳಗಿನ ಮಗುವಿನ ವಿರುದ್ಧ ಎಫ್‌ಐಆರ್ ದಾಖಲಿಸುವಂತಿಲ್ಲ. ಠಾಣೆಯ ದಿನಚರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಮಂಡಳಿಗೆ ಸಲ್ಲಿಸಬೇಕು. ಮಗುವನ್ನು ತಿದ್ದಿ ಮರಳಿ ಸಮಾಜಕ್ಕೆ ಸೇರಿಸುವುದೇ ಈ ಕಾನೂನಿನ ಆಶಯವೆಂಬುದು ಇದರಿಂದ ಸ್ಪಷ್ಟ.

ರಾಜಿ ಪಂಚಾಯಿತಿಗೂ ಇದಕ್ಕೂ ಇರುವ ವ್ಯತ್ಯಾಸ

ನ್ಯಾಯಾಲಯದ ಹೊರಗೆ ಕುಳಿತು ವ್ಯಾಜ್ಯ ಬಗೆಹರಿಸಿಕೊಳ್ಳುವುದು ಚಿತ್ರದುರ್ಗ ಜಿಲ್ಲೆಗೆ ಹೊಸದಲ್ಲ. ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ನಡೆಯುವ ಸದ್ಧರ್ಮ ನ್ಯಾಯಪೀಠಕ್ಕೆ ಜಮೀನು, ಕುಟುಂಬದ ವ್ಯಾಜ್ಯಗಳನ್ನು ಹೊತ್ತು ಬರುವವರನ್ನು ಈ ಭಾಗದ ಸದಸ್ಯರು ಬಲ್ಲರು. ಜಿಲ್ಲೆಯ ಮ್ಯಾಸಬೇಡ, ಕಾಡುಗೊಲ್ಲ ಸಮುದಾಯಗಳ ಕಟ್ಟೆಮನೆಗಳೂ, ಊರೂರಿನ ಅರಳಿಕಟ್ಟೆಗಳೂ ಇದೇ ಬಗೆಯ ಪರಂಪರೆಯ ಭಾಗ. ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳುವ ಗುಣ ಇವುಗಳಿಗೂ ಪುನಃಸ್ಥಾಪನಾ ನ್ಯಾಯಕ್ಕೂ ಸಮಾನ. ಆದರೆ ವ್ಯತ್ಯಾಸಗಳನ್ನು ಸ್ಪಷ್ಟವಾಗಿ ಗುರುತಿಸದಿದ್ದರೆ ಮಕ್ಕಳ ವಿಷಯದಲ್ಲಿ ಅಪಾಯವಾಗಬಹುದು.

ಮೊದಲನೆಯದಾಗಿ, ಪಂಚಾಯಿತಿಯಲ್ಲಿ ಹಿರಿಯರು ತೀರ್ಮಾನ ಹೇಳುತ್ತಾರೆ. ಇಲ್ಲಿ ಸಭೆ ನಡೆಸುವವರು ತೀರ್ಮಾನ ಕೊಡುವುದಿಲ್ಲ. ನೊಂದವರು ಮತ್ತು ನೋಯಿಸಿದವರು ಸೇರಿ ಒಪ್ಪಂದಕ್ಕೆ ಬರುತ್ತಾರೆ.

ಎರಡನೆಯದಾಗಿ, ರಾಜಿಯ ಗುರಿ ಗಲಾಟೆ ನಿಲ್ಲುವುದು. ಹಾಗಾಗಿ ದನಿ ಇಲ್ಲದವರ ಮೇಲೆಯೇ ಹೊಂದಿಕೊಳ್ಳುವ ಒತ್ತಡ ಬೀಳುತ್ತದೆ. ಬಡ ಮನೆಯ ಮಗು, ಹೆಣ್ಣುಮಗು, ಊರಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಸಮುದಾಯದ ಮಗು "ಆಯ್ತು ಬಿಡಿ" ಎಂದುಬಿಟ್ಟರೆ ರಾಜಿ ಮುಗಿದಂತೆ. ಪುನಃಸ್ಥಾಪನಾ ನ್ಯಾಯದಲ್ಲಿ ಅಂತಹ ಒಪ್ಪಿಗೆಗೆ ಬೆಲೆಯಿಲ್ಲ. ನೊಂದ ಮಗು ಬೇಡವೆಂದರೆ ಸಭೆಯೇ ನಡೆಯಬಾರದು.

ಮೂರನೆಯದಾಗಿ, ಹಳೆಯ ಪಂಚಾಯಿತಿಗಳಲ್ಲಿ ಕಂಡುಬರುತ್ತಿದ್ದ ದಂಡ, ಎಲ್ಲರೆದುರು ಕಾಲಿಗೆ ಬೀಳಿಸುವುದು, ಬಹಿಷ್ಕಾರ ಇವುಗಳಿಗೆ ಇಲ್ಲಿ ಎಡೆಯಿಲ್ಲ. ಜಾತಿ ಪಂಚಾಯಿತಿಗಳು ಕಾನೂನನ್ನು ಕೈಗೆತ್ತಿಕೊಳ್ಳುವುದು ಸಂಪೂರ್ಣ ಅಕ್ರಮವೆಂದು ಸುಪ್ರೀಂ ಕೋರ್ಟ್ 2011ರ ತೀರ್ಪೊಂದರಲ್ಲಿ ಕಟುವಾಗಿ ಹೇಳಿದೆ. ಅವಮಾನದಿಂದ ಸರಿಹೋಗುವುದು ಯಾವುದೂ ಇಲ್ಲ.

ತರಗತಿಯಲ್ಲಿ ಕಲಿಸುವ ಕ್ರಮ

ಪಾಠ ಮಾಡಿ ಒಪ್ಪಿಸುವ ವಿಷಯ ಇದಲ್ಲ, ಅಭ್ಯಾಸದಿಂದ ಬರುವಂಥದು. ಸಮಾಜ ವಿಜ್ಞಾನ ಅಥವಾ ಮೌಲ್ಯ ಶಿಕ್ಷಣದ ಅವಧಿಗಳಲ್ಲಿ ನಾಲ್ಕು ಹಂತಗಳಲ್ಲಿ ಇದನ್ನು ರೂಢಿಸಬಹುದು.

ಮೊದಲ ಹಂತ ವೃತ್ತದಲ್ಲಿ ಕೂರುವುದು. ಬೆಂಚುಗಳನ್ನು ಸರಿಸಿ ಶಿಕ್ಷಕರೂ ಸೇರಿ ಎಲ್ಲರೂ ಒಂದೇ ಮಟ್ಟದಲ್ಲಿ ಕೂರಬೇಕು. ಒಂದು ವಸ್ತು, ಡಸ್ಟರ್ ಆದರೂ ಸರಿ, ಕೈಯಿಂದ ಕೈಗೆ ಸಾಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರಷ್ಟೇ ಮಾತನಾಡಬೇಕು, ಉಳಿದವರು ಕೇಳಬೇಕು. ಮಾತು ಬೇಡವೆನಿಸಿದವರು ವಸ್ತುವನ್ನು ಮುಂದಕ್ಕೆ ದಾಟಿಸಬಹುದು. ಆರಂಭದಲ್ಲಿ ವಿಷಯ ಹಗುರವಾಗಿರಲಿ: ಈ ವಾರ ಸಂತೋಷ ಕೊಟ್ಟ ಸಂಗತಿ, ಸಹಾಯ ಮಾಡಿದ ಗೆಳೆಯರು. ಜಗಳದ ದಿನ ಮೊದಲ ಬಾರಿಗೆ ವೃತ್ತ ಹಾಕಿದರೆ ಅದು ವಿಚಾರಣೆಯಂತೆ ಕಾಣುತ್ತದೆ.

ಎರಡನೆಯ ಹಂತ ನೋವನ್ನು ಹೆಸರಿಸುವುದು. "ಅವನು ಕೆಟ್ಟವನು" ಎಂಬ ಮಾತಿಗೂ "ಅವನು ಎಲ್ಲರೆದುರು ಅಡ್ಡಹೆಸರು ಕೂಗಿದಾಗ ಶಾಲೆಗೆ ಬರುವುದೇ ಬೇಡವೆನಿಸಿತು" ಎಂಬ ಮಾತಿಗೂ ಇರುವ ಅಂತರವನ್ನು ಮಕ್ಕಳು ಗುರುತಿಸಬೇಕು. ಮೊದಲನೆಯದು ವ್ಯಕ್ತಿಗೆ ಹಚ್ಚಿದ ಮುದ್ರೆ. ಎರಡನೆಯದರಲ್ಲಿ ಏನು ನಡೆಯಿತು, ಅದರಿಂದ ಏನಾಯಿತು ಎಂಬುದು ತಿಳಿಯುತ್ತದೆ.

ಮೂರನೆಯ ಹಂತ ಪಾತ್ರಾಭಿನಯ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಚಟುವಟಿಕೆಯಿಂದಾಗಿ ಈ ಭಾಗದ ಮಕ್ಕಳಿಗೆ ನಾಟಕ ಅಪರಿಚಿತವಲ್ಲ. ಕಲ್ಪಿತ ಪ್ರಸಂಗವೊಂದನ್ನು ಕೊಟ್ಟು, ತಪ್ಪು ಮಾಡಿದವನ ಪಾತ್ರ ವಹಿಸಿದ ಮಗುವಿಗೆ ಮುಂದಿನ ಬಾರಿ ನೊಂದವನ ಪಾತ್ರವನ್ನು ವಹಿಸಬೇಕು. ನಾಲ್ಕನೆಯ ಹಂತದಲ್ಲಿ ತರಗತಿಯ ಸಣ್ಣಪುಟ್ಟ ನಿಜ ಪ್ರಸಂಗಗಳಿಗೆ ಶಿಕ್ಷಕರ ಸಮ್ಮುಖದಲ್ಲಿ ಇದನ್ನು ಬಳಸಬಹುದು.

ಅಭ್ಯಾಸಕ್ಕೆ ಒಂದು ಪ್ರಸಂಗ

ಪಾತ್ರಾಭಿನಯಕ್ಕೆ ಬಳಸಬಹುದಾದ ಕಲ್ಪಿತ ಪ್ರಸಂಗವೊಂದು ಇಲ್ಲಿದೆ. ಪ್ರೌಢಶಾಲೆಯ ಪಕ್ಕದ ಶುದ್ಧ ಕುಡಿಯುವ ನೀರಿನ ಘಟಕದ ನಲ್ಲಿ ಮತ್ತು ನಾಣ್ಯ ಹಾಕುವ ಪೆಟ್ಟಿಗೆಯನ್ನು ಒಂಬತ್ತನೆಯ ತರಗತಿಯ ಮೂವರು ಹುಡುಗರು ಒಡೆಯುತ್ತಾರೆ. ಬೇಸಿಗೆಯಲ್ಲಿ ಎರಡು ದಿನ ಘಟಕ ನಿಲ್ಲುತ್ತದೆ.

ಯಾರಿಗೆ ತೊಂದರೆಯಾಯಿತು ಎಂದು ಕೇಳಿದರೆ ಮಕ್ಕಳ ಮೊದಲ ಉತ್ತರ "ಪಂಚಾಯತಿಗೆ" ಎಂದಿರುತ್ತದೆ. ಇನ್ನೊಮ್ಮೆ ಕೇಳಿದಾಗ ಪಟ್ಟಿ ಬೆಳೆಯುತ್ತದೆ. ದೂರದಿಂದ ಬಿಂದಿಗೆ ಹೊತ್ತು ತಂದ ಅಜ್ಜಿ, ಅಂಗನವಾಡಿಯ ಮಕ್ಕಳು, ತಾನು ಒಡೆಯದಿದ್ದರೂ ಎರಡು ದಿನ ಊರವರ ಬೈಗುಳ ಕೇಳಿದ ನೀರುಗಂಟಿ, ಮಗನ ಹೆಸರು ಕೇಳಿ ತಲೆತಗ್ಗಿಸಿದ ತಾಯಿ. ಹಳೆಯ ಕ್ರಮದಲ್ಲಿ ಇವರಾರೂ ಲೆಕ್ಕಕ್ಕೆ ಬರುವುದಿಲ್ಲ. ಪೋಷಕರಿಂದ ಹಣ ವಸೂಲಾಗುತ್ತದೆ, ಹುಡುಗರಿಗೆ ಏಟು ಬೀಳುತ್ತದೆ, ಕಡತ ಮುಗಿಯುತ್ತದೆ. ನೀರುಗಂಟಿಗೆ ಯಾರೂ ಒಂದು ಮಾತು ಹೇಳುವುದಿಲ್ಲ.

ವೃತ್ತದಲ್ಲಿ ನೀರುಗಂಟಿಯ ಪಾತ್ರಧಾರಿ ತನ್ನ ಎರಡು ದಿನಗಳನ್ನು ವಿವರಿಸುತ್ತಾನೆ. ಹುಡುಗರಲ್ಲೊಬ್ಬ, ಹಿಂದಿನ ವಾರ ನಾಣ್ಯವಿಲ್ಲದೆ ಬಾಟಲಿ ಹಿಡಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕದ್ದನ್ನು ಹೇಳುತ್ತಾನೆ. ಈ ಕಾರಣವು ತಪ್ಪನ್ನು ಸಮರ್ಥಿಸುವುದಿಲ್ಲ. ಆದರೆ ಅದನ್ನು ತಿಳಿಯದೆ ಮುಂದಿನ ಒಡೆತವನ್ನು ತಡೆಯಲಾಗದು. ಕೊನೆಗೆ ಒಪ್ಪಂದವನ್ನು ಮಕ್ಕಳೇ ಬರೆಯುತ್ತಾರೆ: ದುರಸ್ತಿ ವೆಚ್ಚದ ಪಾಲು, ನೀರುಗಂಟಿಯ ಕ್ಷಮೆ ಕೋರುವುದು, ಎರಡು ಶನಿವಾರ ಮಧ್ಯಾಹ್ನ ಅವರೊಂದಿಗೆ ಇದ್ದು ಘಟಕ ಕೆಲಸ ಮಾಡುವ ಬಗೆಯನ್ನು ತಿಳಿದು ತರಗತಿಗೆ ವಿವರಿಸುವುದು, ನಾಣ್ಯವಿಲ್ಲದ ವಿದ್ಯಾರ್ಥಿಗೆ ಶಾಲಾ ಅವಧಿಯಲ್ಲಿ ನೀರು ಹೇಗೆ ಸಿಗಬೇಕೆಂಬ ಕೋರಿಕೆಯನ್ನು ಪಂಚಾಯತಿಗೆ ಸಲ್ಲಿಸುವುದು. ನಾಲ್ಕು ವಾರಗಳ ನಂತರ ಎಲ್ಲರೂ ಮತ್ತೆ ಕುಳಿತು ಒಪ್ಪಂದ ನೆರವೇರಿತೇ ಎಂದು ಪರಿಶೀಲಿಸುತ್ತಾರೆ. ಮರುಪರಿಶೀಲನೆಯಿಲ್ಲದ ಒಪ್ಪಂದ ಹಾಳೆಯ ಮೇಲೆಯೇ ಉಳಿಯುತ್ತದೆ.

ಒಪ್ಪಂದ ಹೇಗಿರಬಾರದು ಎಂಬುದನ್ನೂ ತರಗತಿಯಲ್ಲಿ ಚರ್ಚಿಸಬೇಕು. ತರಗತಿ ತಪ್ಪಿಸಿ ದುಡಿಸುವುದು, ಶೌಚಾಲಯ ತೊಳೆಸುವುದು, ಅಪಾಯದ ಕೆಲಸ ಕೊಡುವುದು, ಕೊರಳಿಗೆ ಫಲಕ ಹಾಕುವುದು ಸರಿಪಡಿಸುವ ಕ್ರಮಗಳಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ. ಆ ಕಾಯ್ದೆಯ ವ್ಯಾಪ್ತಿ 14 ವರ್ಷದವರೆಗೆ ಇದ್ದರೂ, 18 ವರ್ಷದೊಳಗಿನ ಯಾವುದೇ ಮಗುವಿನ ಮೇಲೆ ಅದರ ಹೊಣೆ ಹೊತ್ತವರು ಎಸಗುವ ಕ್ರೌರ್ಯವು ಬಾಲನ್ಯಾಯ ಕಾಯ್ದೆಯ 75ನೇ ಕಲಂ ಅಡಿ ಅಪರಾಧ.

ದಾಟಬಾರದ ಗೆರೆ

ಈ ಭಾಗವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಯಾವುದೇ ಸಂಗತಿಯನ್ನು ವೃತ್ತಕ್ಕೂ ತರಬಾರದು, ರಾಜಿಗೂ ತರಬಾರದು. ಪೋಕ್ಸೊ ಕಾಯ್ದೆ, 2012ರ 19ನೇ ಕಲಂ ಪ್ರಕಾರ ಅಂತಹ ಅಪರಾಧದ ಮಾಹಿತಿಯುಳ್ಳ ಪ್ರತಿಯೊಬ್ಬರೂ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿರುವುದು 21ನೇ ಕಲಂ ಅಡಿ ಶಿಕ್ಷಾರ್ಹ. ಚುನಾಯಿತ ಸದಸ್ಯರಿಗೆ ಇದರಿಂದ ವಿನಾಯಿತಿಯಿಲ್ಲ. ರಾಜಸ್ಥಾನದ ಶಾಲೆಯೊಂದರ ಶಿಕ್ಷಕರ ವಿರುದ್ಧದ ಪ್ರಕರಣವು ಪೋಷಕರೊಂದಿಗಿನ ರಾಜಿಯ ಆಧಾರದ ಮೇಲೆ ರದ್ದಾಗಿದ್ದಾಗ, ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಆ ರದ್ದತಿಯನ್ನು ತಳ್ಳಿಹಾಕಿ ಪ್ರಕರಣ ಮುಂದುವರಿಯಬೇಕೆಂದು ಆದೇಶಿಸಿತು. ಎರಡು ಮನೆಗಳ ನಡುವಿನ ಖಾಸಗಿ ವಿಷಯವೆಂದು ಇದನ್ನು ಮುಚ್ಚಿಹಾಕಲಾಗದು ಎಂಬುದೇ ಅದರ ಸಾರ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆ, 1989ರ ವ್ಯಾಪ್ತಿಗೆ ಬರುವ ಕೃತ್ಯ, ಬಾಲ್ಯವಿವಾಹ, ಗಂಭೀರ ಗಾಯ, ವಯಸ್ಕರು ಮಕ್ಕಳ ಮೇಲೆ ಎಸಗಿದ ಹಿಂಸೆ ಇವೂ ಗೆರೆಯಾಚೆಗಿನವು. ಇಂತಹ ಸಂದರ್ಭದಲ್ಲಿ ಸದಸ್ಯರ ಕೆಲಸ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಿ, ನೊಂದ ಮಗುವಿನ ಮನೆಯ ಪರವಾಗಿ ನಿಲ್ಲುವುದು. ಮಕ್ಕಳಿಗೂ ಈ ಗೆರೆಯನ್ನು ಕಲಿಸಬೇಕು. ಎಲ್ಲ ನೋವಿಗೂ ಕ್ಷಮೆಯೇ ಉತ್ತರವೆಂದು ಭಾವಿಸಿದ ಮಗು ತನ್ನ ಮೇಲಾದ ದೌರ್ಜನ್ಯವನ್ನು ಯಾರಿಗೂ ಹೇಳದೆ ಉಳಿದೀತು.

ಗ್ರಾಮ ಪಂಚಾಯತಿ ಮಾಡಬಹುದಾದ ಕೆಲಸಗಳು

ಇದಕ್ಕೆ ಪ್ರತ್ಯೇಕ ಅನುದಾನ ಬೇಕಿಲ್ಲ. ಬೇಕಾಗಿರುವುದು ಸಮಯ ಮತ್ತು ತಾಳ್ಮೆ.

1. ಗ್ರಾಮ ಪಂಚಾಯತಿಯ ಸಾಮಾಜಿಕ ನ್ಯಾಯ ಸಮಿತಿಯು ವ್ಯಾಪ್ತಿಯ ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯೊಂದಿಗೆ ಈ ವಿಷಯವನ್ನು ಚರ್ಚಿಸಿ, ಆಸಕ್ತ ಇಬ್ಬರು ಶಿಕ್ಷಕರನ್ನು ಗುರುತಿಸುವಂತೆ ಕೋರಬಹುದು.

2. ಗ್ರಾಮ ಪಂಚಾಯತಿಯ ಅರಿವು ಕೇಂದ್ರವನ್ನು ಶಾಲಾ ಅವಧಿಯ ನಂತರ ವೃತ್ತ ಸಂವಾದದ ಅಭ್ಯಾಸಕ್ಕೆ ಒದಗಿಸಬಹುದು. ಶಾಲೆಯೂ ಅಲ್ಲದ, ಯಾರ ಮನೆಯೂ ಅಲ್ಲದ ಸ್ಥಳದಲ್ಲಿ ಮಕ್ಕಳು ಹೆಚ್ಚು ಮುಕ್ತವಾಗಿ ಮಾತನಾಡುತ್ತಾರೆ.

3. ಬೀದಿದೀಪ, ನಲ್ಲಿ, ಉದ್ಯಾನ ಮುಂತಾದ ಪಂಚಾಯತಿ ಆಸ್ತಿಗೆ ಮಕ್ಕಳಿಂದ ಸಣ್ಣ ಹಾನಿಯಾದಾಗ ದಂಡಕ್ಕೆ ಮುಂದಾಗುವ ಮೊದಲು, ಶಾಲೆ ಮತ್ತು ಪೋಷಕರ ಒಪ್ಪಿಗೆಯಿದ್ದಲ್ಲಿ, ನಷ್ಟಕ್ಕೊಳಗಾದ ಪಕ್ಷವಾಗಿ ವೃತ್ತದಲ್ಲಿ ಕೂರಬಹುದು. ಆಗ ಸದಸ್ಯರು ಅಲ್ಲಿ ತೀರ್ಪುಗಾರರಲ್ಲ. ಮಾತಿನ ಸರದಿಗೆ ಕಾಯುವ ಒಬ್ಬರು ಮಾತ್ರ.

4. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೋರಿ, ಬಾಲನ್ಯಾಯ ಮತ್ತು ಪೋಕ್ಸೊ ಕಾಯ್ದೆಗಳ ಕುರಿತು ಮಕ್ಕಳಿಗೂ ಸದಸ್ಯರಿಗೂ ಒಟ್ಟಿಗೆ ಕಾನೂನು ಅರಿವು ಕಾರ್ಯಕ್ರಮ ಏರ್ಪಡಿಸಬಹುದು.

5. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ, ಶಾಲೆಯಲ್ಲಿ ಜಗಳಗಳನ್ನು ಹೇಗೆ ಬಗೆಹರಿಸಲಾಗುತ್ತಿದೆ ಎಂಬುದನ್ನು ಒಂದು ವಿಷಯವಾಗಿ ಇಟ್ಟು ಮಕ್ಕಳಿಂದಲೇ ಕೇಳಬಹುದು.

6. ಮಗುವಿನ ಹೆಸರು, ಭಾವಚಿತ್ರ, ನಡೆದ ಸಂಗತಿ ವಾಟ್ಸಪ್ ಗುಂಪುಗಳಲ್ಲಿ ಹರಿದಾಡದಂತೆ ನೋಡಿಕೊಳ್ಳಬೇಕು. ವಿಚಾರಣೆಯಲ್ಲಿರುವ ಮಗುವಿನ ಗುರುತನ್ನು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅಡಿ ಅಪರಾಧ. ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಶಾಲಾ ಮಟ್ಟದ ಸಣ್ಣ ವಿಚಾರದಲ್ಲಿಯೂ ಇದೇ ಎಚ್ಚರವಿರಲಿ.

7. ಯಾವುದೇ ವಿದ್ಯಾರ್ಥಿಗೆ ಶಿಸ್ತಿನ ಕಾರಣಕ್ಕೆ ವರ್ಗಾವಣೆ ಪತ್ರ ಕೊಡುವ ಮಾತು ಬಂದಾಗ, ಆ ಮಗು ಮುಂದೆ ಎಲ್ಲಿ ಓದುತ್ತದೆ ಎಂಬ ಪ್ರಶ್ನೆಯನ್ನು ಸದಸ್ಯರು ಮೊದಲು ಕೇಳಬೇಕು. ಹತ್ತಿರದಲ್ಲಿ ಬೇರೆ ಪ್ರೌಢಶಾಲೆಯಿಲ್ಲದ ಹಳ್ಳಿಯಲ್ಲಿ ಆ ಪತ್ರವೇ ಓದಿನ ಕೊನೆಯಾಗುವುದುಂಟು. ಹೆಣ್ಣುಮಗುವಾದರೆ ಮದುವೆಯ ಮಾತುಗಳು ಆರಂಭವಾಗುವುದೂ ಉಂಟು.

ಮಕ್ಕಳು ನ್ಯಾಯವನ್ನು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಹಿರಿಯರ ನಡವಳಿಕೆಯಿಂದ ಕಲಿಯುತ್ತಾರೆ. ಸಾಮಾನ್ಯ ಸಭೆಯಲ್ಲಿ ಒಬ್ಬ ಸದಸ್ಯರು ಮಾತನಾಡುವಾಗ ಉಳಿದವರು ಕೇಳಿಸಿಕೊಳ್ಳುತ್ತಾರೆಯೇ, ಗ್ರಾಮ ಸಭೆಯಲ್ಲಿ ದೂರು ಹೇಳಿದ ಮಹಿಳೆಗೆ ಉತ್ತರ ಸಿಗುತ್ತದೆಯೇ, ಪಂಚಾಯತಿಯಿಂದ ತಪ್ಪಾದಾಗ ಅದನ್ನು ಒಪ್ಪಿ ಸರಿಪಡಿಸಲಾಗುತ್ತದೆಯೇ ಎಂಬುದನ್ನು ಹದಿನಾಲ್ಕು ವರ್ಷದ ಮಕ್ಕಳು ಗಮನಿಸುತ್ತಿರುತ್ತಾರೆ. ಮುಂದಿನ ಕೆಲವೇ ವರ್ಷಗಳಲ್ಲಿ ಅವರು ಮತದಾರರಾಗುತ್ತಾರೆ, ಅವರಲ್ಲಿ ಕೆಲವರು ಇದೇ ಸಭಾಂಗಣದಲ್ಲಿ ಸದಸ್ಯರಾಗಿ ಕೂರುತ್ತಾರೆ. ಈ ಶೈಕ್ಷಣಿಕ ವರ್ಷದಲ್ಲಿ ಪ್ರತಿ ಗ್ರಾಮ ಪಂಚಾಯತಿಯು ತನ್ನ ವ್ಯಾಪ್ತಿಯ ಒಂದು ಪ್ರೌಢಶಾಲೆಯೊಂದಿಗೆ ಈ ಮಾತುಕತೆಯನ್ನು ಆರಂಭಿಸಿದರೆ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ.